ಅಮೆರಿಕದ ಅರಿವಳಿಕೆ ಶುಶ್ರೂಷಾ ಶಿಕ್ಷಣ: ಮಾನ್ಯತೆ ಮತ್ತು ಪ್ರವೇಶ ನಿಯಮಗಳು

ಶಸ್ತ್ರಚಿಕಿತ್ಸೆಯ ವೇಳೆ ರೋಗಿಗೆ ಅರಿವಳಿಕೆ ನೀಡುವ ಹೊಣೆ ಭಾರತದಲ್ಲಿ ತಜ್ಞ ವೈದ್ಯರದು. ಅಮೆರಿಕದಲ್ಲಿ ವೈದ್ಯರ ಜತೆಗೆ ವಿಶೇಷ ಶಿಕ್ಷಣ ಪಡೆದ ಶುಶ್ರೂಷಕರೂ ಈ ಕಾರ್ಯ ನಿರ್ವಹಿಸುತ್ತಾರೆ. ಅಲ್ಲಿನ ಅನೇಕ ಗ್ರಾಮೀಣ ಆಸ್ಪತ್ರೆಗಳಲ್ಲಿ ಅರಿವಳಿಕೆ ಸೇವೆ ಇವರನ್ನೇ ಅವಲಂಬಿಸಿದೆ. 'ಸರ್ಟಿಫೈಡ್ ರಿಜಿಸ್ಟರ್ಡ್ ನರ್ಸ್ ಅನಸ್ತೇಟಿಸ್ಟ್' (ಸಿಆರ್‌ಎನ್‌ಎ) ಎಂಬುದು ಇವರ ವೃತ್ತಿನಾಮ.

ಮಾನ್ಯತೆ ಏಕೆ ಮುಖ್ಯ?

ಈ ಶಿಕ್ಷಣ ಕಾರ್ಯಕ್ರಮಗಳಿಗೆ ಮಾನ್ಯತೆ ನೀಡುವ ಸಂಸ್ಥೆ 'ಕೌನ್ಸಿಲ್ ಆನ್ ಅಕ್ರೆಡಿಟೇಷನ್' (ಸಿಒಎ). ಅಮೆರಿಕದ ಶಿಕ್ಷಣ ಇಲಾಖೆ ಈ ಸಂಸ್ಥೆಯನ್ನು ಅಂಗೀಕರಿಸಿದೆ. ಸಿಒಎ ಮಾನ್ಯತೆ ಪಡೆದ ಕಾರ್ಯಕ್ರಮದಲ್ಲಿ ಓದಿದವರಿಗೆ ಮಾತ್ರ ರಾಷ್ಟ್ರೀಯ ಪ್ರಮಾಣೀಕರಣ ಪರೀಕ್ಷೆಗೆ ಕುಳಿತುಕೊಳ್ಳುವ ಅರ್ಹತೆ ಲಭಿಸುತ್ತದೆ. ಆದ್ದರಿಂದ ಮಾನ್ಯತೆಯನ್ನು ಪರಿಶೀಲಿಸದೆ ಶುಲ್ಕ ಪಾವತಿಸಿದರೆ ಹಣ, ಶ್ರಮ, ಕಾಲ ಮೂರೂ ವ್ಯರ್ಥವಾಗುವ ಅಪಾಯವಿದೆ.

ಮಾನ್ಯತೆ ಶಾಶ್ವತವಲ್ಲ, ನಿಗದಿತ ಅವಧಿಗೊಮ್ಮೆ ಮರುಪರಿಶೀಲನೆ ನಡೆಯುತ್ತದೆ. ಮೊದಲ ಪ್ರಯತ್ನದಲ್ಲೇ ಪ್ರಮಾಣೀಕರಣ ಪರೀಕ್ಷೆಯಲ್ಲಿ ಉತ್ತೀರ್ಣರಾದವರ ಪ್ರಮಾಣ, ನಡುವೆ ಓದು ತೊರೆದವರ ಪ್ರಮಾಣ ಹಾಗೂ ಪದವೀಧರರ ಉದ್ಯೋಗದ ವಿವರಗಳನ್ನು ಪ್ರತಿ ಕಾರ್ಯಕ್ರಮವೂ ಬಹಿರಂಗಪಡಿಸಬೇಕು. ಅರ್ಜಿ ಸಲ್ಲಿಸುವ ಮುನ್ನ ಈ ಅಂಕಿಅಂಶಗಳನ್ನು ಹೋಲಿಸಿ ನೋಡುವುದು ಸೂಕ್ತ.

ಈಗ ಡಾಕ್ಟರೇಟ್ ಕಡ್ಡಾಯ

ಮೊದಲು ಸ್ನಾತಕೋತ್ತರ ಪದವಿಯೇ ಸಾಕಾಗಿತ್ತು. 2022ರ ಜನವರಿ 1ರಿಂದ ಈ ಶಿಕ್ಷಣಕ್ಕೆ ಹೊಸದಾಗಿ ಸೇರುವವರೆಲ್ಲ ಡಾಕ್ಟರೇಟ್ ಮಟ್ಟದ ಕಾರ್ಯಕ್ರಮಕ್ಕೇ ಸೇರಬೇಕೆಂಬ ನಿಯಮ ಜಾರಿಗೆ ಬಂದಿದೆ. ಇದರ ಕನಿಷ್ಠ ಅವಧಿ 36 ತಿಂಗಳು. ಔಷಧಶಾಸ್ತ್ರ, ಶರೀರಕ್ರಿಯಾಶಾಸ್ತ್ರ ಮೊದಲಾದ ವಿಷಯಗಳ ಅಧ್ಯಯನದ ಜತೆಗೆ ವಿದ್ಯಾರ್ಥಿಯು ಕನಿಷ್ಠ 600 ಪ್ರಕರಣಗಳಲ್ಲಿ ಪಾಲ್ಗೊಂಡು, 2,000 ಗಂಟೆಗಳ ಪ್ರಾಯೋಗಿಕ ತರಬೇತಿ ಪೂರೈಸಬೇಕು.

ಪ್ರವೇಶಕ್ಕೆ ಬೇಕಾದ ಅರ್ಹತೆ

* ಶುಶ್ರೂಷಾ ವಿಷಯದಲ್ಲಿ ಅಥವಾ ಸೂಕ್ತವಾದ ಬೇರೆ ವಿಷಯದಲ್ಲಿ ಪದವಿ.
* ಅಮೆರಿಕದಲ್ಲಿ ನೋಂದಾಯಿತ ಶುಶ್ರೂಷಕರಾಗಿ ಕೆಲಸ ಮಾಡಲು ಯಾವುದೇ ನಿರ್ಬಂಧವಿಲ್ಲದ ಪರವಾನಗಿ.
* ತೀವ್ರ ನಿಗಾ ಘಟಕದಲ್ಲಿ ಕನಿಷ್ಠ ಒಂದು ವರ್ಷದ ಪೂರ್ಣಾವಧಿ ಅಥವಾ ಅದಕ್ಕೆ ಸಮನಾದ ಅರೆಕಾಲಿಕ ಸೇವೆ.

ಇವು ಕನಿಷ್ಠ ಅರ್ಹತೆಗಳು ಮಾತ್ರ. ಆಯಾ ವಿಶ್ವವಿದ್ಯಾಲಯಗಳು ಇದಕ್ಕಿಂತ ಹೆಚ್ಚಿನ ಅನುಭವ, ಅಂಕ ಮತ್ತು ಸಂದರ್ಶನವನ್ನು ಅಪೇಕ್ಷಿಸಬಹುದು.

ಕನ್ನಡಿಗರು ಗಮನಿಸಬೇಕಾದುದು

ಕರ್ನಾಟಕದಲ್ಲಿ ಬಿ.ಎಸ್ಸಿ. ನರ್ಸಿಂಗ್ ಮುಗಿಸಿದವರು ನೇರವಾಗಿ ಈ ಶಿಕ್ಷಣಕ್ಕೆ ಸೇರಲಾಗದು. ಮೊದಲು ಪದವಿಯ ಮೌಲ್ಯಮಾಪನ ಮಾಡಿಸಿ, 'ಎನ್‌ಕ್ಲೆಕ್ಸ್-ಆರ್‌ಎನ್' ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ಅಲ್ಲಿನ ಪರವಾನಗಿ ಪಡೆಯಬೇಕು. ತೀವ್ರ ನಿಗಾ ಘಟಕದ ಸೇವೆಯೂ ಅಮೆರಿಕದಲ್ಲಿ, ಅದರ ಅಧೀನ ಪ್ರದೇಶಗಳಲ್ಲಿ ಅಥವಾ ಅದರ ಸೇನಾ ಆಸ್ಪತ್ರೆಗಳಲ್ಲಿ ಸಲ್ಲಿಸಿದ್ದಾಗಿರಬೇಕು. ಬೆಂಗಳೂರು ಅಥವಾ ಮಂಗಳೂರಿನ ಆಸ್ಪತ್ರೆಯಲ್ಲಿ ಹತ್ತು ವರ್ಷ ದುಡಿದಿದ್ದರೂ ಆ ಅನುಭವ ಈ ನಿಯಮದ ಲೆಕ್ಕಕ್ಕೆ ಬರುವುದಿಲ್ಲ.

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿರುವ ಅರಿವಳಿಕೆ ಹಾಗೂ ಶಸ್ತ್ರಚಿಕಿತ್ಸಾ ಕೊಠಡಿ ತಂತ್ರಜ್ಞಾನದ ಬಿ.ಎಸ್ಸಿ. ಪದವಿ ತಂತ್ರಜ್ಞರಿಗೆ ಸಂಬಂಧಿಸಿದ್ದು. ಅದು ಶುಶ್ರೂಷಾ ಪದವಿಯಲ್ಲ. ಹೆಸರಿನಲ್ಲಿ 'ಅರಿವಳಿಕೆ' ಇದ್ದ ಮಾತ್ರಕ್ಕೆ ಅದನ್ನು ಸಿಆರ್‌ಎನ್‌ಎ ಶಿಕ್ಷಣದ ಮೊದಲ ಮೆಟ್ಟಿಲೆಂದು ಭಾವಿಸಬಾರದು. ಪಿಯುಸಿ ನಂತರ ಕೋರ್ಸ್ ಆಯ್ಕೆ ಮಾಡಿಕೊಳ್ಳುವ ಹಂತದಲ್ಲೇ ಈ ವ್ಯತ್ಯಾಸವನ್ನು ಅರಿತಿರುವುದು ಒಳಿತು.