ಕಾವೇರಿ: ಹೊಗೇನಕಲ್‌ನಿಂದ ಕಡಲವರೆಗೆ

ಕೊಡಗಿನ ತಲಕಾವೇರಿಯಲ್ಲಿ ಹುಟ್ಟಿ ಬಂಗಾಳ ಕೊಲ್ಲಿಯನ್ನು ಸೇರುವ ಕಾವೇರಿ ನದಿಯ ಉದ್ದ ಸುಮಾರು 800 ಕಿ.ಮೀ. ಇದರಲ್ಲಿ ಸುಮಾರು 320 ಕಿ.ಮೀ. ಕರ್ನಾಟಕದಲ್ಲಿಯೂ 416 ಕಿ.ಮೀ. ತಮಿಳುನಾಡಿನಲ್ಲಿಯೂ ಇದೆ. ನಡುವಿನ 64 ಕಿ.ಮೀ. ಎರಡು ರಾಜ್ಯಗಳ ಗಡಿಯಾಗಿದೆ. ನದಿಯು ಬೆಟ್ಟನಾಡನ್ನು ಬಿಟ್ಟು ಬಯಲಿಗೆ ಇಳಿಯುವುದು ಧರ್ಮಪುರಿ, ಸೇಲಂ ಜಿಲ್ಲೆಗಳ ಪಶ್ಚಿಮ ಅಂಚಿನಲ್ಲಿ. 1965ರವರೆಗೆ ಧರ್ಮಪುರಿಯೂ ಸೇಲಂ ಜಿಲ್ಲೆಗೆ ಸೇರಿತ್ತು.

ಹೊಗೇನಕಲ್

ಮೇಕೆದಾಟಿನ ಇಕ್ಕಟ್ಟನ್ನು ದಾಟಿದ ನದಿ ಗಡಿಯ ಬಿಳಿಗುಂಡ್ಲುವಿಗೆ ಬರುತ್ತದೆ. ಕರ್ನಾಟಕದಿಂದ ಹರಿದು ಬರುವ ನೀರನ್ನು ಅಳೆಯುವುದು ಇಲ್ಲಿಯೇ. 2018ರ ಫೆಬ್ರವರಿ 16ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಸಾಮಾನ್ಯ ಮಳೆಯ ವರ್ಷದಲ್ಲಿ ಇಲ್ಲಿಗೆ 177.25 ಟಿಎಂಸಿ ನೀರು ಬರಬೇಕು.

ಮುಂದೆ ಹೊಗೇನಕಲ್‌ನಲ್ಲಿ ನದಿಯು ಹಲವು ಕವಲುಗಳಾಗಿ ಬಂಡೆಗಳ ನಡುವೆ ಧುಮುಕುತ್ತದೆ. ನೀರಿನ ತುಂತುರು ಹೊಗೆಯಂತೆ ಏಳುವುದರಿಂದ 'ಹೊಗೆ' ಮತ್ತು 'ಕಲ್ಲು' ಸೇರಿ ಈ ಕನ್ನಡ ಹೆಸರು ಬಂದಿದೆ. ಚಿನ್ನಾರ್ ಹೊಳೆ ಕಾವೇರಿಯನ್ನು ಕೂಡುವುದೂ ಇಲ್ಲಿಯೇ. ಪ್ರವಾಸಿಗರು ಹರಿಗೋಲಿನಲ್ಲಿ ಸಾಗಿ ಜಲಪಾತವನ್ನು ನೋಡುತ್ತಾರೆ.

ಮೆಟ್ಟೂರು ಅಣೆಕಟ್ಟು

ಸೇಲಂ ಜಿಲ್ಲೆಯ ಮೆಟ್ಟೂರು ಅಣೆಕಟ್ಟಿನ ಕೆಲಸ 1925ರಲ್ಲಿ ಆರಂಭವಾಗಿ 1934ರಲ್ಲಿ ಮುಗಿಯಿತು. ಜಲಾಶಯದ ಪೂರ್ಣ ಮಟ್ಟ 120 ಅಡಿ, ಸಾಮರ್ಥ್ಯ 93.47 ಟಿಎಂಸಿ. ಆಗಿನ ಮದರಾಸು ಗವರ್ನರ್ ಹೆಸರಿನಲ್ಲಿ ಇದನ್ನು ಸ್ಟಾನ್ಲಿ ಜಲಾಶಯ ಎನ್ನುತ್ತಾರೆ. ಇದಕ್ಕಾಗಿ ಹಲವು ಹಳ್ಳಿಗಳು ಮುಳುಗಿದವು. ನೀರು ಇಳಿದ ವರ್ಷಗಳಲ್ಲಿ ಪಣ್ಣವಾಡಿಯ ಬಳಿ ಹಳೆಯ ನಂದಿ ವಿಗ್ರಹ ಮತ್ತು ಚರ್ಚಿನ ಗೋಪುರ ಮೇಲೆ ಕಾಣುತ್ತವೆ. ನಂದಿಯ ತಲೆ ಕಂಡಿತೆಂದರೆ ಕೆಳಗಿನ ರೈತರಿಗೆ ಚಿಂತೆ ಶುರುವಾಯಿತೆಂದೇ ಅರ್ಥ.

ವಾಡಿಕೆಯಂತೆ ಜೂನ್ 12ರಂದು ತಂಜಾವೂರು ಭಾಗದ ಕುರುವೈ ಭತ್ತಕ್ಕೆ ನೀರು ಬಿಡುತ್ತಾರೆ. ನೀರು ಸಾಲದ ವರ್ಷ ಈ ದಿನ ಮುಂದೆ ಹೋಗುತ್ತದೆ. ಮೆಟ್ಟೂರಿನ ಪೂರ್ವ, ಪಶ್ಚಿಮ ಕಾಲುವೆಗಳಿಂದ ಸೇಲಂ, ನಾಮಕ್ಕಲ್, ಈರೋಡ್ ಜಿಲ್ಲೆಗಳ 45,000 ಎಕರೆಗೆ ನೀರು ಸಿಗುತ್ತದೆ.

ದಡದಲ್ಲಿದ್ದರೂ ಬರ

ಧರ್ಮಪುರಿಯ ಹೊಲಗಳು ಎತ್ತರದಲ್ಲಿವೆ, ನದಿ ತಗ್ಗಿನಲ್ಲಿದೆ. ಆದ್ದರಿಂದ ಕಾವೇರಿ ಜಿಲ್ಲೆಯನ್ನು ಮುಟ್ಟಿ ಹರಿದರೂ ಇಲ್ಲಿನ ಬೇಸಾಯ ಮಳೆ, ಕೆರೆ, ಬಾವಿಗಳನ್ನೇ ನಂಬಿದೆ. ಗಟ್ಟಿ ಬಂಡೆಯೊಳಗಿನ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಾಗಿದ್ದು, ಅದನ್ನು ಕುಡಿದವರ ಹಲ್ಲು, ಮೂಳೆಗಳು ಕೆಡುತ್ತವೆ. ಇದನ್ನು ತಡೆಯಲು ಕಾವೇರಿ ನೀರನ್ನು ಮೇಲೆತ್ತಿ ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಿಗೆ ಕೊಡುವ ಹೊಗೇನಕಲ್ ಕುಡಿಯುವ ನೀರಿನ ಯೋಜನೆ 2013ರಲ್ಲಿ ಉದ್ಘಾಟನೆಯಾಯಿತು.

ಕಡಲಿನತ್ತ

ಮೆಟ್ಟೂರಿನ ಕೆಳಗೆ ಭವಾನಿ, ನೊಯ್ಯಲ್, ಅಮರಾವತಿ ನದಿಗಳು ಬಲದಿಂದಲೂ, ಸರಬಂಗಾ, ತಿರುಮಣಿಮುತ್ತಾರು ಎಡದಿಂದಲೂ ಕಾವೇರಿಯನ್ನು ಸೇರುತ್ತವೆ. ತಿರುಚ್ಚಿಯ ಬಳಿ ಮುಕ್ಕೊಂಬುವಿನಲ್ಲಿ ನದಿ ಎರಡಾಗಿ, ನಡುವೆ ಶ್ರೀರಂಗ ದ್ವೀಪವಾಗಿದೆ. ಪ್ರವಾಹದ ನೀರು ಉತ್ತರದ ಕೊಳ್ಳಿಡಂನಲ್ಲಿ ಹೋಗುತ್ತದೆ. ಕಾವೇರಿಯ ನೀರು ಚೋಳರ ಕಾಲದ ಕಲ್ಲಣೆಯಿಂದ ಕಾಲುವೆಗಳಿಗೆ ಹಂಚಿಹೋಗಿ, ಪೂಂಪುಹಾರ್‌ನಲ್ಲಿ ಕಡಲು ಸೇರುವಾಗ ನದಿ ತೀರ ಸಣ್ಣದಾಗಿರುತ್ತದೆ.

ಎರಡು ಜಿಲ್ಲೆಗಳ ನೀರೆಲ್ಲವೂ ಕಾವೇರಿಗೆ ಹೋಗುವುದಿಲ್ಲ. ಏರ್ಕಾಡಿನ ಶೆವರಾಯ್ ಬೆಟ್ಟದ ತಿರುಮಣಿಮುತ್ತಾರು ಕಾವೇರಿಗೆ ಇಳಿದರೆ, ಅದೇ ಬೆಟ್ಟದ ವಾಣಿಯಾರು ದಕ್ಷಿಣ ಪಿನಾಕಿನಿಗೆ ಸೇರಿ ಕಡಲೂರಿನ ಬಳಿ ಸಮುದ್ರ ಕಾಣುತ್ತದೆ. ಆತ್ತೂರಿನ ವಸಿಷ್ಠ ನದಿ ವೆಳ್ಳಾರಿನ ಮೂಲಕ ಪರಂಗಿಪೇಟೆಗೆ ಹೋಗುತ್ತದೆ.