ಕ್ರಿ.ಶ. 77: ನೆಲದಡಿಯ ಇಸವಿ

ಇಸವಿಗಳನ್ನು ದೊರೆಗಳ ಹೆಸರಲ್ಲೇ ನಮಗೆ ಬಾಯಿಪಾಠ ಮಾಡಿಸಿದ್ದಾರೆ. ಕ್ರಿ.ಶ. 77 ಅಂದರೆ ರೋಮಿನಲ್ಲಿ ವೆಸ್ಪಾಸಿಯನ್ನನ ಆಳ್ವಿಕೆ. ಆ ವರ್ಷ ಪ್ಲಿನಿ ಎಂಬ ಅಧಿಕಾರಿ ತನ್ನ 'ನಿಸರ್ಗ ಚರಿತ್ರೆ'ಯನ್ನು ರಾಜಕುಮಾರ ಟೈಟಸನಿಗೆ ಅರ್ಪಿಸಿದ. ಭಾರತ, ಚೀನಾ, ಅರೇಬಿಯಾಗಳು ವರ್ಷಕ್ಕೆ 10 ಕೋಟಿ ರೋಮನ್ ನಾಣ್ಯ ಸೆಳೆದುಕೊಳ್ಳುತ್ತಿವೆ ಅಂತ ಅದರಲ್ಲಿ ಗೋಳಾಡಿದ. ಪಂಡಿತರು ಈ ಲೆಕ್ಕವನ್ನೇ ಎತ್ತಿ ಆಡುತ್ತಾರೆ.

ಅದೇ ಪುಸ್ತಕದಲ್ಲಿ ಸ್ಪೇನಿನ ಚಿನ್ನದ ಗಣಿಗಳ ಮಾತೂ ಇದೆ. ಅಲ್ಲಿ ಪಾಳಿ ಅಳೆಯುತ್ತಿದ್ದದ್ದು ದೀಪ ಉರಿಯುವ ಹೊತ್ತಿನಿಂದ. ಆಳುಗಳು ತಿಂಗಳುಗಟ್ಟಲೆ ಹಗಲು ಕಾಣುತ್ತಿರಲಿಲ್ಲ. ಒಡೆದ ಕಲ್ಲನ್ನು ಕತ್ತಲಲ್ಲೇ ಹೆಗಲಿಂದ ಹೆಗಲಿಗೆ ದಾಟಿಸುತ್ತಿದ್ದರು. ಸಾಲಿನ ಕೊನೆಯವನಿಗೆ ಮಾತ್ರ ಬೆಳಕು. ಅವರ ಒಂದು ಹೆಸರನ್ನೂ ಪ್ಲಿನಿ ಬರೆಯಲಿಲ್ಲ.

ನಮ್ಮ ಕೋಲಾರದ ಗಣಿ ಮಾತ್ರ ಬೇರೆಯೇ? ಚಾಂಪಿಯನ್ ರೀಫ್‌ನ ಹಳೇ ಗುಂಡಿಯಲ್ಲಿ ಸಿಕ್ಕ ಮರ ಸುಮಾರು ಒಂದೂವರೆ ಸಾವಿರ ವರ್ಷದ್ದು. ಅಗೆದವರು ಯಾರು? ಯಾವ ಶಾಸನವೂ ಹೇಳೋದಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. ನಂದಿದುರ್ಗ ಮುಂತಾದ ಗಣಿಗಳಿಗೆ ಇಳಿದವರಲ್ಲಿ ಹೆಚ್ಚಿನವರು ತಮಿಳು ಸೀಮೆಯ ದಲಿತ ಕೇರಿಗಳವರು. ಕಲ್ಲಿನ ದೂಳು ಅವರ ಎದೆ ತಿಂದಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಚಿನ್ನ ಹೊರಟುಹೋಗಿತ್ತು, ದೂಳಿನ ದಿಬ್ಬ ಊರಲ್ಲೇ ಉಳಿಯಿತು.

ಮೇಷ್ಟ್ರುಗಳೇ, ಮಕ್ಕಳಿಗೆ ಇಸವಿ ಹೇಳಿಕೊಡಿ. ಬೆಳಕು ಕಂಡ ಆ ಕೊನೆಯವನ ಹಿಂದೆ ಕತ್ತಲಲ್ಲಿ ನಿಂತ ಸಾಲನ್ನೂ ಎಣಿಸೋದು ಕಲಿಸಿ.