ನೈಟ್ರಿಕ್ ಆಕ್ಸೈಡ್ ಮತ್ತು ರಕ್ತನಾಳಗಳ ಕಾರ್ಯ

ನೈಟ್ರಿಕ್ ಆಕ್ಸೈಡ್ ಒಂದು ನೈಟ್ರೋಜನ್ ಮತ್ತು ಒಂದು ಆಕ್ಸಿಜನ್ ಪರಮಾಣುಗಳಿಂದ ಕೂಡಿದ ಅನಿಲ. ಮಾನವ ಶರೀರದಲ್ಲಿಯೇ ತಯಾರಾಗುವ ಇದು ರಕ್ತನಾಳಗಳನ್ನು ಹಿಗ್ಗಿಸುವ ಸಂಕೇತವಾಹಕವಾಗಿ ಕೆಲಸ ಮಾಡುತ್ತದೆ. ಅರಿವಳಿಕೆಗೆ ಬಳಸುವ ನಗೆ ಅನಿಲ, ಅಂದರೆ ನೈಟ್ರಸ್ ಆಕ್ಸೈಡ್, ಇದಕ್ಕಿಂತ ಭಿನ್ನವಾದುದು. ಪೋರ್ಟಲ್ ಅಧಿಕ ರಕ್ತದೊತ್ತಡ ಮತ್ತು ಸೆಪ್ಸಿಸ್ (ನಂಜೇರಿಕೆ) ಎಂಬ ಎರಡು ಗಂಭೀರ ಸ್ಥಿತಿಗಳಲ್ಲಿ ಇದರ ಉತ್ಪಾದನೆಯ ಸಮತೋಲನ ತಪ್ಪುತ್ತದೆ.

ಸಂಶೋಧನೆಯ ಇತಿಹಾಸ

ನೈಟ್ರೋಗ್ಲಿಸರಿನ್ ಔಷಧವು ನೈಟ್ರಿಕ್ ಆಕ್ಸೈಡನ್ನು ಬಿಡುಗಡೆ ಮಾಡಿ ಪರಿಣಾಮ ಬೀರುತ್ತದೆಂದು ಫೆರಿಡ್ ಮುರಾದ್ ೧೯೭೭ರಲ್ಲಿ ತೋರಿಸಿದರು. ಅಸಿಟೈಲ್‌ಕೋಲಿನ್‌ನಿಂದ ಅಪಧಮನಿ ಹಿಗ್ಗಬೇಕಾದರೆ ಅದರ ಒಳಪದರ ಹಾನಿಗೊಳ್ಳದೆ ಇರಬೇಕೆಂಬುದನ್ನು ರಾಬರ್ಟ್ ಫರ್ಚ್‌ಗಾಟ್ ೧೯೮೦ರಲ್ಲಿ ಪ್ರಕಟಿಸಿದರು. ಒಳಪದರವು ಸ್ರವಿಸುವ ಆ ಅಜ್ಞಾತ ವಸ್ತು ನೈಟ್ರಿಕ್ ಆಕ್ಸೈಡ್ ಎಂಬುದು ೧೯೮೭ರ ವೇಳೆಗೆ ಖಚಿತವಾಯಿತು. ಈ ಶೋಧಗಳಿಗಾಗಿ ಫರ್ಚ್‌ಗಾಟ್, ಲೂಯಿ ಇಗ್ನಾರೊ ಮತ್ತು ಮುರಾದ್ ಅವರಿಗೆ ೧೯೯೮ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು.

ಕಾರ್ಯವಿಧಾನ

ಆರ್ಜಿನಿನ್ ಎಂಬ ಅಮೈನೋ ಆಮ್ಲದಿಂದ ನೈಟ್ರಿಕ್ ಆಕ್ಸೈಡ್ ಸಿಂಥೇಸ್ ಎಂಬ ಕಿಣ್ವವು ಈ ಅನಿಲವನ್ನು ತಯಾರಿಸುತ್ತದೆ. ಕಿಣ್ವದಲ್ಲಿ ನರಕೋಶದ, ಒಳಪದರದ ಹಾಗೂ ಪ್ರೇರಿತ ಎಂಬ ಮೂರು ಬಗೆಗಳಿವೆ. ಅನಿಲವು ನಾಳದ ಗೋಡೆಯ ನಯಸ್ನಾಯು ಕೋಶಗಳೊಳಗೆ ಹರಡಿ, ಅಲ್ಲಿ ಸೈಕ್ಲಿಕ್ ಜಿಎಂಪಿಯ ಪ್ರಮಾಣವನ್ನು ಹೆಚ್ಚಿಸುತ್ತದೆ. ಆಗ ಕೋಶದೊಳಗಿನ ಕ್ಯಾಲ್ಸಿಯಂ ಕಡಿಮೆಯಾಗಿ ಸ್ನಾಯು ಸಡಿಲಗೊಳ್ಳುತ್ತದೆ, ನಾಳ ಹಿಗ್ಗುತ್ತದೆ. ಕೆಲವೇ ಸೆಕೆಂಡುಗಳಲ್ಲಿ ನಾಶವಾಗುವುದರಿಂದ ಇದರ ಪ್ರಭಾವ ಸಾಮಾನ್ಯವಾಗಿ ತಯಾರಾದ ಸ್ಥಳದ ಸಮೀಪಕ್ಕೆ ಸೀಮಿತ.

ಪೋರ್ಟಲ್ ಅಧಿಕ ರಕ್ತದೊತ್ತಡದಲ್ಲಿ

ಕರುಳು ಮತ್ತು ಗುಲ್ಮದಿಂದ ಯಕೃತ್ತಿಗೆ ರಕ್ತ ಒಯ್ಯುವ ಪೋರ್ಟಲ್ ಅಭಿಧಮನಿಯಲ್ಲಿ ಒತ್ತಡ ಏರುವುದೇ ಈ ಸ್ಥಿತಿ. ಇದಕ್ಕೆ ಸಿರೋಸಿಸ್ ಪ್ರಮುಖ ಕಾರಣ. ಯಕೃತ್ತಿನ ಒಳಗೆ ಮತ್ತು ಹೊರಗೆ ಸಮತೋಲನ ವಿರುದ್ಧ ದಿಕ್ಕುಗಳಲ್ಲಿ ಕೆಡುವುದು ಇಲ್ಲಿನ ವಿಶೇಷ. ಯಕೃತ್ತಿನೊಳಗೆ ನೈಟ್ರಿಕ್ ಆಕ್ಸೈಡ್ ಕೊರತೆಯಾಗಿ ಸೂಕ್ಷ್ಮನಾಳಗಳು ಸಂಕುಚಿತಗೊಂಡು ರಕ್ತದ ಹರಿವಿಗೆ ತಡೆಯೊಡ್ಡುತ್ತವೆ. ಕರುಳಿನ ಅಪಧಮನಿಗಳಲ್ಲಿ ಅದೇ ಅನಿಲ ಅತಿಯಾಗಿ, ನಾಳಗಳು ಹಿಗ್ಗಿ, ಪೋರ್ಟಲ್ ಅಭಿಧಮನಿಗೆ ಇನ್ನಷ್ಟು ರಕ್ತ ನುಗ್ಗುತ್ತದೆ. ದೇಹದ ಒಟ್ಟು ರಕ್ತದೊತ್ತಡ ಕುಸಿಯುವುದರಿಂದ ಮೂತ್ರಪಿಂಡಗಳು ಉಪ್ಪು ಮತ್ತು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಇದು ಜಲೋದರಕ್ಕೆ ದಾರಿಯಾಗುತ್ತದೆ. ಯಕೃತ್ತಿನ ಅಭಿಧಮನಿಯಲ್ಲಿ ಅಳೆಯುವ ಒತ್ತಡದ ವ್ಯತ್ಯಾಸವು ಆರೋಗ್ಯವಂತರಲ್ಲಿ ಪಾದರಸದ ೧ರಿಂದ ೫ ಮಿಲಿಮೀಟರ್ ಇರುತ್ತದೆ. ಅದು ೧೨ ತಲುಪಿದಾಗ ಅನ್ನನಾಳದ ಉಬ್ಬಿದ ಅಭಿಧಮನಿಗಳು ಒಡೆದು ರಕ್ತಸ್ರಾವವಾಗುವ ಅಪಾಯವಿದೆ.

ಸೆಪ್ಸಿಸ್‌ನಲ್ಲಿ

ಸೋಂಕಿಗೆ ದೇಹ ತೋರುವ ಪ್ರತಿಕ್ರಿಯೆ ಹದ ತಪ್ಪಿ ಅಂಗಾಂಗಗಳಿಗೆ ಹಾನಿಯಾಗುವುದೇ ಸೆಪ್ಸಿಸ್. ಬ್ಯಾಕ್ಟೀರಿಯಾಗಳ ವಿಷವಸ್ತು ಮತ್ತು ಉರಿಯೂತದ ಸಂಕೇತಗಳು ಪ್ರೇರಿತ ಕಿಣ್ವವನ್ನು ಹುಟ್ಟುಹಾಕುತ್ತವೆ. ಅದು ಗಂಟೆಗಟ್ಟಲೆ ಅಧಿಕ ಪ್ರಮಾಣದಲ್ಲಿ ಅನಿಲವನ್ನು ಉತ್ಪಾದಿಸುತ್ತದೆ. ಹಿಗ್ಗಿದ ನಾಳಗಳು ಸಂಕೋಚಕ ಔಷಧಗಳಿಗೂ ಸರಿಯಾಗಿ ಸ್ಪಂದಿಸದೆ ರಕ್ತದೊತ್ತಡ ಕುಸಿಯುತ್ತದೆ. ಸಿರೋಸಿಸ್ ರೋಗಿಗಳಿಗೆ ಸೋಂಕು ತಗುಲಿದಾಗ ಈ ಎರಡೂ ಪ್ರಕ್ರಿಯೆಗಳು ಒಂದಾಗುವುದರಿಂದ ಅವರ ಸ್ಥಿತಿ ಬೇಗನೆ ವಿಷಮಿಸುತ್ತದೆ.

ಚಿಕಿತ್ಸೆ

ಪೋರ್ಟಲ್ ಒತ್ತಡ ತಗ್ಗಿಸಲು ಪ್ರೊಪ್ರನೊಲಾಲ್, ಕಾರ್ವೆಡಿಲಾಲ್ ಮುಂತಾದ ಔಷಧಗಳು ಬಳಕೆಯಲ್ಲಿವೆ. ಸೆಪ್ಸಿಸ್‌ನಲ್ಲಿ ಪ್ರತಿಜೈವಿಕಗಳು, ದ್ರವಪೂರಣ ಮತ್ತು ನಾರ್ಎಪಿನೆಫ್ರಿನ್ ಮುಖ್ಯ.

ಕಿಣ್ವದ ಎಲ್ಲ ಬಗೆಗಳನ್ನೂ ತಡೆಯುವ ಔಷಧವೊಂದನ್ನು ಸೆಪ್ಸಿಸ್ ಆಘಾತಕ್ಕೊಳಗಾದ ೭೯೭ ರೋಗಿಗಳ ಮೇಲಿನ ಅಧ್ಯಯನದಲ್ಲಿ ಪರೀಕ್ಷಿಸಲಾಯಿತು. ರಕ್ತದೊತ್ತಡ ಏರಿತಾದರೂ, ೨೮ ದಿನಗಳಲ್ಲಿ ಔಷಧ ಪಡೆದವರಲ್ಲಿ ಶೇ. ೫೯ ಮಂದಿ ಮತ್ತು ಪಡೆಯದವರಲ್ಲಿ ಶೇ. ೪೯ ಮಂದಿ ಮೃತಪಟ್ಟರು. ಅಧ್ಯಯನವನ್ನು ಅರ್ಧದಲ್ಲೇ ನಿಲ್ಲಿಸಲಾಯಿತು; ಫಲಿತಾಂಶ ೨೦೦೪ರಲ್ಲಿ ಪ್ರಕಟವಾಯಿತು. ಅತಿಯಾದ ಉತ್ಪಾದನೆಯೊಂದಿಗೆ ಅಂಗಾಂಗಗಳ ರಕ್ತಸಂಚಾರಕ್ಕೆ ಅಗತ್ಯವಾದ ಉತ್ಪಾದನೆಯೂ ನಿಂತುಹೋದದ್ದು ಇದಕ್ಕೆ ಒಂದು ಕಾರಣವೆಂದು ಭಾವಿಸಲಾಗಿದೆ. ಒತ್ತಡದ ಅಂಕಿ ಸುಧಾರಿಸಿದ ಮಾತ್ರಕ್ಕೆ ರೋಗಿ ಬದುಕುಳಿಯುವನೆಂದು ಹೇಳಲಾಗದು ಎಂಬುದನ್ನು ಈ ಅಧ್ಯಯನ ತೋರಿಸಿತು.